ಒಳಲೆಯಲ್ಲಿ ಸುರಿದದ್ದು

ಆ ದಿನ ನಿನ್ನ ಮಗಳು ಲಿಖಿತಳ ಎದೆಗೆ ಇಳಿದದ್ದು ನೀನು ಕೊಟ್ಟ ಮಾವಿನಹಣ್ಣಲ್ಲ, ಭಾರತಿ. ನಾನು ಒಳಲೆಯಿಂದ ಸುರಿದ ರಾಗಿ ಸರಿ. ಇದು ನನಗೆ ಆಗಲೇ ಗೊತ್ತಿತ್ತು. ಡಾಕ್ಟರ ಮುಂದೆ ನಿಂತಾಗ ಗೊತ್ತಿತ್ತು, ನನ್ನ ಮಗ ನಿನ್ನ ಮೇಲೆ ಕೂಗಾಡಿದಾಗಲೂ ಗೊತ್ತಿತ್ತು. ಐದು ವರ್ಷಗಳಿಂದ ದಿನಾ ಬೆಳಿಗ್ಗೆ ನಿನ್ನ ಕೈಯಿಂದ ಕಾಫಿ ಲೋಟ ತೆಗೆದುಕೊಳ್ಳುವಾಗಲೆಲ್ಲ—

ವಾಕ್ಯ ಮುಗಿಸಲಾಗುತ್ತಿಲ್ಲ. "ಕಂಪ್ಲೀಟ್ ಯುವರ್ ಸೆಂಟೆನ್ಸ್" ಎಂದು ಊರಿನ ಅರ್ಧ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಾ ಸ್ಕೇಲು ತೋರಿಸಿದವಳು ನಾನು.

ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಎಷ್ಟು ನಿಜ ಎಂಬುದು ನಿನಗೆ ಗೊತ್ತಿಲ್ಲ.

ಮುಳಬಾಗಿಲಿನ ಕಡೆಯ ನಿಮ್ಮ ಹಳ್ಳಿಗೆ ಹೆಣ್ಣು ನೋಡಲು ಬಂದಾಗ ನಾನು ನಿನ್ನನ್ನು ಮೊದಲು ನೋಡಿದ್ದು ಹಿಂದಿನ ಕೋಣೆಯಲ್ಲಿ. ನೀನು ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದೆ. ಹಾಕುತ್ತಾ ಅವುಗಳ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದೆ. ತಿನ್ನಿ, ನಾಚಿಕೆ ಬೇಡ, ನಿಮ್ಮಪ್ಪನ ಮನೆ ಅಂದುಕೊಳ್ಳಿ ಎಂಬ ಧಾಟಿಯಲ್ಲಿ. ನನಗೆ ನಗು ಬಂತು. ಹುಳುಗಳಿಗೇ ಇಷ್ಟು ಉಪಚಾರ ಮಾಡುವವಳು ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತಾಳೋ ಎಂದುಕೊಂಡೆ. ಆದರೆ ನೀನು ಹೆತ್ತು, ಬಾಣಂತನ ಮುಗಿಸಿ ಶ್ರೀನಿವಾಸಪುರಕ್ಕೆ ವಾಪಸು ಬಂದ ದಿನ ನಾನು ಹೇಳಿದ ಮೊದಲ ಮಾತೇನು? "ನೋ ತೆಲುಗು ವಿತ್ ದ ಬೇಬಿ, ಪ್ಲೀಸ್. ಮಗು ಕನ್‌ಫ್ಯೂಸ್ ಆಗುತ್ತೆ." ನೀನು ತಲೆಯಾಡಿಸಿದೆ. ಅಂದಿನಿಂದ ನಿನ್ನ ಮಗುವಿನ ಎದುರು ನಿನಗೆ ಮಾತೇ ಇಲ್ಲವಾಯಿತು. ಇಂಗ್ಲಿಷ್ ಬಾರದು, ಕನ್ನಡದಲ್ಲಿ ಮುದ್ದು ಮಾಡಲು ಬಾಯಿ ತಿರುಗದು, ತೆಲುಗಿಗೆ ನನ್ನ ನಿಷೇಧ.

ನನ್ನ ಮಗ ಮಂಜು ಮತ್ತು ನೀನು ಇಬ್ಬರೂ ಬೆಳಗಿನ ಜಾವ ನರಸಾಪುರದ ಕಂಪನಿ ಬಸ್ಸು ಹತ್ತುತ್ತಿದ್ದಿರಿ. ಮಗು ಇಡೀ ದಿನ ನನ್ನದು. ನನ್ನ ಅತ್ತೆಯಿಂದ ಬಂದ ಬೆಳ್ಳಿ ಒಳಲೆ ಇತ್ತಲ್ಲ, ಉದ್ದ ಮೂತಿಯ ಆ ಪುಟ್ಟ ಬಟ್ಟಲು—ನಿಮ್ಮ ಕಡೆ ಅದಕ್ಕೆ ಉಗ್ಗುಗಿನ್ನೆ ಅನ್ನುತ್ತೀರಿ—ಅದರಲ್ಲೇ ನಾನು ಮಂಜುವನ್ನು ಬೆಳೆಸಿದ್ದು. ಕಾಲು ಚಾಚಿ ಕೂರುವುದು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸುವುದು, ಕೆನ್ನೆ ಒತ್ತಿ ಸುರಿಯುವುದು. ಹಲ್ಲಿಲ್ಲದ ಕೂಸಿಗೆ ಎಲ್ಲ ಮನೆಗಳಲ್ಲೂ ಹೀಗೇ ಕುಡಿಸುತ್ತಿದ್ದರು. ಲಿಖಿತಳಿಗೆ ಹಲ್ಲು ಬಂದಾಗ ನಾನು ಅದನ್ನು ಎತ್ತಿಡಬೇಕಿತ್ತು. ಇಡಲಿಲ್ಲ. ಚಮಚದಲ್ಲಿ ಕೊಟ್ಟರೆ ಉಗಿಯುತ್ತಿದ್ದಳು. ಒಳಲೆಯಲ್ಲಾದರೆ ಬಟ್ಟಲು ಖಾಲಿ. ಪಕ್ಕದ ಮನೆ ರತ್ನಮ್ಮ ಕಾಂಪೌಂಡಿನ ಮೇಲೆ ಕೈಯೂರಿ ನೋಡುತ್ತಿದ್ದಳು. "ಏನ್ ಕೈಗುಣ ಮೇಡಂ ನಿಮ್ದು! ನಮ್ಮನೇಲಿ ಒಂದ್ ತುತ್ತು ತಿನ್ನಿಸ್ಬೇಕಾದ್ರೆ ಬಸ್‌ಸ್ಟ್ಯಾಂಡ್‌ಗಂಟ ಓಡ್ಬೇಕು."

ಆ ಮಾತು ನನಗೆ ಬಹಳ ಹಿತವಾಗಿತ್ತು.

ಎರಡು ವರ್ಷ ತುಂಬಿದರೂ ಮಗು ಒಂದು ಮಾತು ಆಡಲಿಲ್ಲ. ನೀನೇ ಹಟ ಹಿಡಿದು ಕೋಲಾರಕ್ಕೆ, ಸ್ಪೀಚ್ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದೆ, ನಾನೂ ಬಂದೆ. ಆ ಹುಡುಗಿ ಮಗುವಿನ ಬಾಯಿ ನೋಡಿದಳು, ಬಾಳೆಹಣ್ಣಿನ ಚೂರು ಕೊಟ್ಟು ನೋಡಿದಳು. ಅಗಿಯುವುದೇ ಈ ಮಗುವಿಗೆ ಗೊತ್ತಿಲ್ಲ ಎಂದಳು. "ಒಳಲೆ ಬಿಟ್ಬಿಡಿ ಅಜ್ಜಿ. ಮಲಗ್ಸಿ ಸುರಿಯೋದು ಡೇಂಜರ್. ನೆಟ್ಟಗೆ ಕೂರ್ಸಿ, ಫೋನ್ ಆಫ್ ಮಾಡಿ, ಅವಳ ಕೈಗೇ ಮೆತ್ತಗಿರೋದನ್ನ ಕೊಡಿ. ಚೆಲ್ಲಿದ್ರೆ ಚೆಲ್ಲಲಿ." ಆಮೇಲೆ ನಿನ್ನ ಕಡೆ ತಿರುಗಿ, "ನಿಮಗೆ ಬಾಯಿಗೆ ಬರೋ ಭಾಷೆ ಯಾವ್ದು?" ಎಂದು ಕೇಳಿದಳು. ನೀನು ನನ್ನ ಮುಖ ನೋಡಿದೆ.

"ತೆಲುಗು..."

"ಹಾಗಾದ್ರೆ ತೆಲುಗಲ್ಲೇ ಮಾತಾಡಿ. ಮಗು ತಿನ್ನುವಾಗ ಅದರ ಹೆಸರು ಹೇಳಿ. ಹೇಳಿ ಸುಮ್ನೆ ಕಾಯಿರಿ. ಮಧ್ಯೆ ಬಾಯಿ ಹಾಕ್ಬೇಡಿ, ಅವಳ ಸರದಿ ಅವಳಿಗೆ ಬಿಡಿ."

ನಿನ್ನ ಮುಖ ಆಗ ಹೇಗಿತ್ತು ಎಂದರೆ—ಕಳೆದುಹೋದ ಕಿವಿಯೋಲೆ ಸಿಕ್ಕಿದವಳ ಹಾಗೆ. ನಾನು "ಆಫ್‌ಕೋರ್ಸ್, ಆಫ್‌ಕೋರ್ಸ್" ಎಂದೆ. ವಾಪಸು ಬರುವ ಬಸ್ಸಿನಲ್ಲಿ, ನೀನು ಮಗುವಿಗೆ ಕಿಟಕಿಯಾಚೆಯ ತೋಪುಗಳನ್ನು ತೋರಿಸುತ್ತಾ ಪಿಸುಗುಡುತ್ತಿದ್ದೆ. ನಾನು ಒಳಗೊಳಗೇ ತೀರ್ಮಾನ ಮಾಡಿಯಾಗಿತ್ತು. ನಿನ್ನೆ ಮೊನ್ನೆ ಓದಿ ಬಂದ ಹುಡುಗಿ ನನಗೆ ಮಗು ಸಾಕುವುದನ್ನು ಹೇಳಿಕೊಡಬೇಕೇ?

ಇಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲ.

ಸಂಜೆ ಕೆಲಸದಿಂದ ಬಂದ ನೀನು ಕಂಪನಿಯ ಯೂನಿಫಾರಂನಲ್ಲೇ ನೆಲಕ್ಕೆ ಕೂರುತ್ತಿದ್ದೆ. ಮಗುವನ್ನು ಗೋಡೆಗೆ ಒರಗಿಸಿ, ಪುಟ್ಟ ಮಣೆ ಹಾಕಿ, ಎದುರಿಗೆ ಬೆಂದ ಕ್ಯಾರೆಟ್, ಬಾಳೆಹಣ್ಣು ಇಡುತ್ತಿದ್ದೆ. ಒಂದನ್ನು ಎತ್ತಿ ಹೆಸರು ಹೇಳುವುದು, ಕಾಯುವುದು. ಮತ್ತೆ ಹೇಳುವುದು, ಮತ್ತೆ ಕಾಯುವುದು. ಮಗು ಬಾಯಿ ತೆರೆಯುತ್ತಿರಲಿಲ್ಲ. ತಟ್ಟೆ ದೂಡಿ ನನ್ನ ಸೆರಗಿಗೆ ಬಂದು ಮುಖ ಒರೆಸುತ್ತಿತ್ತು. "ಯಾಕೋ ಗೊತ್ತಿಲ್ಲ ಅತ್ತಮ್ಮ, ನನ್ ಕೈಲಿ ಮಾತ್ರ ತಿನ್ನಲ್ಲ ಇವಳು." "ಗಿವ್ ಇಟ್ ಟೈಮ್, ಭಾರತಿ," ಎನ್ನುತ್ತಿದ್ದೆ ನಾನು.

ಹೇಗೆ ತಿಂದಾಳು? ನಿನ್ನ ಬಸ್ಸು ಬರುವ ಮೊದಲು ನಾನು ಅವಳ ಹೊಟ್ಟೆ ತುಂಬಾ ಸರಿ ಸುರಿದಿರುತ್ತಿದ್ದೆ. ದಿನವೂ. ನೀನು ಗೇಟು ತೆರೆಯುವ ಹೊತ್ತಿಗೆ ಒಳಲೆ ತೊಳೆದು ಬೇಳೆ ಡಬ್ಬಗಳ ಹಿಂದೆ ಬೋರಲು ಹಾಕಿರುತ್ತಿದ್ದೆ.

ಮಗು ಹಸಿದೀತು ಎಂಬ ಅಂಜಿಕೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಸುಳ್ಳು. ಅಂಜಿಕೆಯಾದರೆ ಬಚ್ಚಿಡಬೇಕಿರಲಿಲ್ಲ. ನನ್ನ ಕೈಯಲ್ಲಿ ಮಾತ್ರ ತಿನ್ನುತ್ತಾಳೆ ಎಂಬುದು ನನಗೆ ಬೇಕಿತ್ತು. ನೀನು ಸೋಲುವುದನ್ನು ಬಾಗಿಲ ಬಳಿ ನಿಂತು ನೋಡುವುದು—ಅದೂ ಬೇಕಿತ್ತು.

ಆಮೇಲೆ ಆ ಭಾನುವಾರ. ಮಾವಿನ ಕಾಲ, ಮಂಡಿಯ ಲಾರಿಗಳು ನಮ್ಮ ಬೀದಿಯವರೆಗೂ ನಿಂತಿದ್ದವು. ಬೇರೆ ರಜೆಗಳಲ್ಲಿ ನೀನು ಅಂಗಡಿಗೆ ಹೋದ ಹೊತ್ತು ನೋಡಿ ಸುರಿಯುತ್ತಿದ್ದೆ; ಅಂದು ನೀನು ಇಡೀ ದಿನ ಮನೆಯಲ್ಲೇ ಇದ್ದೆ, ಹಾಗಾಗಿ ನನಗೆ ಒಳಲೆ ತೆಗೆಯಲಾಗಲಿಲ್ಲ. ಸಂಜೆಗೆ ಮಗುವಿಗೆ ನಿಜವಾದ ಹಸಿವು. ಬಹುಶಃ ಹುಟ್ಟಿದ ಮೇಲೆ ಮೊದಲ ಸಲ. ನೀನು ಬಾದಾಮಿ ಮಾವಿನ ಉದ್ದನೆಯ ಹೋಳು ಕೊಟ್ಟೆ. ಅವಳು ಹಿಡಿದಳು, ಚೀಪಿದಳು, ಕಚ್ಚಿದಳು. ರಸ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. "ಪಂಡು," ಎಂದೆ ನೀನು. ಹಣ್ಣು ಅನ್ನುವುದಕ್ಕೆ ನಿನ್ನ ಮಾತು. ಹೇಳಿ ಕಾದೆ. ಎಷ್ಟು ಹೊತ್ತು ಕಾದೆ!

"ಪಂ... ಡು," ಎಂದಿತು ಮಗು.

"ಅತ್ತಮ್ಮಾ! ವಿಂಟಿರಾ? ಕೇಳಿಸ್ತಾ? ಮಾತಾಡಿದ್ಲು! ನನ್ ಬಂಗಾರ ಮಾತಾಡಿದ್ಲು!" ನೀನು ಮಾವಿನ ಕೈಯಲ್ಲೇ ಕಣ್ಣೊರೆಸಿಕೊಂಡು ಅಡುಗೆಮನೆಗೆ ಓಡಿಬಂದೆ.

ಬಾಗಿಲ ಬಳಿಯಿಂದ ನೋಡುತ್ತಿದ್ದ ನಾನು ಅಷ್ಟರಲ್ಲಿ ಒಲೆಯ ಕಡೆ ಸರಿದಿದ್ದೆ, ತಿರುಗಲೂ ಇಲ್ಲ. "ಆ ಪದ ಯಾವ ಸ್ಕೂಲಲ್ಲಿ ನಡೆಯುತ್ತೆ, ಭಾರತಿ?"

ಮರುದಿನ ಮಧ್ಯಾಹ್ನ ಮಗು ಕಾಲ ಮೇಲೆ ಮಲಗಲು ಒಪ್ಪಲಿಲ್ಲ. ಮೂಲೆಯ ಬುಟ್ಟಿ ತೋರಿಸಿ "ಪಂಡು, ಪಂಡು" ಎಂದಿತು. ನನ್ನ ಮೊಮ್ಮಗಳು ನನ್ನೊಡನೆ ಆಡಿದ ಮೊದಲ ಮಾತು ಅದು. ಒಂದು ಹೋಳು ಕೊಟ್ಟಿದ್ದರೆ—ನಾನು ಅವಳನ್ನು ಎಳೆದು ಮಲಗಿಸಿದೆ. ಎರಡು ಕೈಗಳನ್ನೂ ತೊಡೆಗಳ ನಡುವೆ ಸಿಕ್ಕಿಸಿದೆ. ಅವಳು ಅಳುತ್ತಾ ಅದೇ ಮಾತಿಗೆ ಬಾಯಿ ತೆರೆದಾಗ, ತೆರೆದ ಬಾಯಿಗೆ ಸುರಿದೆ.

ಕೆಮ್ಮಲೂ ಆಗಲಿಲ್ಲ ಮಗುವಿಗೆ. ತುಟಿ ನೀಲಿಯಾಯಿತು. ಬೋರಲು ಹಾಕಿ ಬೆನ್ನಿಗೆ ಹೊಡೆದೆ, ಹೊಡೆದೆ, ಕೊನೆಗೆ ಉಸಿರು ಬಂತು. ಆಮೇಲೆ ನಾನು ಮಾಡಿದ್ದೇನು ಗೊತ್ತೇ? ಫೋನ್ ಮಾಡಲಿಲ್ಲ. ಫ್ರಾಕು ಬದಲಿಸಿದೆ, ನೆಲ ಒರೆಸಿದೆ, ಒಳಲೆ ತೊಳೆದೆ. ಸಂಜೆ ನೀನು, "ಯಾಕೋ ಡಲ್ ಆಗಿದಾಳಲ್ಲ?" ಎಂದಾಗ, "ನಿದ್ದೆ ಸಾಲದು," ಎಂದೆ.

ಮಾರನೆಯ ದಿನ ಸುಡುವ ಜ್ವರ. ಉಸಿರಿಗೆ ಪಕ್ಕೆ ಒಳಗೆ ಎಳೆಯುತ್ತಿತ್ತು. ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು, ಶ್ವಾಸಕೋಶಕ್ಕೆ ಏನೋ ಆಹಾರ ಇಳಿದಿರಬೇಕು, ಏನು ಕೊಟ್ಟಿದ್ದಿರಿ ಎಂದು ಕೇಳಿದರು. ನೀನು ಬಾಯಿ ತೆರೆಯುವ ಮೊದಲೇ ನಾನು ಉತ್ತರ ಕೊಟ್ಟೆ. ಇಂಗ್ಲಿಷಿನಲ್ಲಿ.

"ಹರ್ ಮದರ್ ಗೇವ್ ಹರ್ ಮ್ಯಾಂಗೋ ಪೀಸಸ್, ಡಾಕ್ಟರ್. ಐ ಹ್ಯಾಡ್ ವಾರ್ನ್ಡ್ ಹರ್."

ಇವಳಮ್ಮ ಮಾವಿನ ಹೋಳು ಕೊಟ್ಟಳು, ಬೇಡ ಎಂದು ನಾನು ಹೇಳಿದ್ದೆ—ಇದು ಅದರ ಅರ್ಥ. ಮದರ್, ಮ್ಯಾಂಗೋ, ಈ ಎರಡು ಪದ ಮಾತ್ರ ನಿನಗೆ ತಿಳಿದಿರಬೇಕು. ಅಷ್ಟೇ ಸಾಕಾಯಿತು.

ಮಗು ಉಳಿಯಿತು. ಮಂಜು ವಾರ್ಡಿನ ಹೊರಗೆ ಎಲ್ಲರೆದುರು ಕೂಗಿದ: "ನಿನ್ ಥೆರಪಿ ಸಾಕು ಕಣೇ! ಮಗೂನೇ ಸಾಯಿಸ್ತಿದ್ದೆ!" ನಾನು ಅವನ ಭುಜ ಹಿಡಿದು, "ಬಿಡೋ, ಪಾಪ, ತಿಳೀದೆ ಮಾಡಿದಾಳೆ," ಎಂದೆ. ಎಲ್ಲಕ್ಕಿಂತ ಹೇಸಿಗೆಯ ಮಾತು ಅದು. ನಿನ್ನನ್ನು ಕ್ಷಮಿಸುವ ದೊಡ್ಡಸ್ತಿಕೆಯನ್ನೂ ನಾನೇ ತೆಗೆದುಕೊಂಡೆ.

ನೀನು ಕೆಲಸ ಬಿಟ್ಟೆ. ಥೆರಪಿಸ್ಟ್ ಫೋನ್ ಮಾಡಿದರೆ ಎತ್ತಲಿಲ್ಲ. ಅಂದಿನಿಂದ ಇಂದಿನವರೆಗೂ ಅನ್ನ, ಮುದ್ದೆ, ಪಲ್ಯ ಎಲ್ಲವನ್ನೂ ನುಣ್ಣಗೆ ಅರೆದು ಕೊಡುತ್ತೀಯ. ಕೊಡುವಾಗ ಒಂದು ಮಾತಾಡುವುದಿಲ್ಲ. ನಿನ್ನ ಕಣ್ಣೆಲ್ಲ ಅವಳ ಗಂಟಲಿನ ಮೇಲೆ. ಲಿಖಿತಳಿಗೆ ಈಗ ಏಳು ವರ್ಷ. ಅವಳ ಮಾತು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಶಾಲೆಯಲ್ಲಿ ಬೇರೆ ಮಕ್ಕಳು ಚಪಾತಿ ಹರಿದು ತಿನ್ನುವಾಗ ಅವಳು ಗೋಡೆಯ ಕಡೆ ತಿರುಗಿ ಕುಳಿತು ತನ್ನ ಡಬ್ಬಿ ತೆರೆಯುತ್ತಾಳಂತೆ. ನಾನು ಅಡ್ಡ ಬರದಿದ್ದರೆ ಅವಳು ಎಲ್ಲರಂತೆ ಮಾತಾಡುತ್ತಿದ್ದಳೇ? ಗೊತ್ತಿಲ್ಲ. ಯಾರೂ ಹೇಳಲಾರರು. ಆದರೆ ಒಂದು ಸಂಜೆ ಅವಳು ಮಾತು ಶುರುಮಾಡಿದ್ದಳು, ಅದನ್ನು ನಾನು ಕೇಳಿಸಿಕೊಂಡಿದ್ದೇನೆ. ಆಸ್ಪತ್ರೆಯಿಂದ ಬಂದ ಮೇಲೆ "ಪಂಡು" ಎಂದು ಅವಳು ಅಂದದ್ದೇ ಇಲ್ಲ. ನೀನೂ ಅಂದಿಲ್ಲ. ನಮ್ಮ ಮನೆಗೆ ಮಾವಿನಹಣ್ಣು ಬರುವುದೇ ನಿಂತುಹೋಯಿತು—ಈ ಊರಿನಲ್ಲಿದ್ದು.

ಇಷ್ಟು ವರ್ಷ ಬಾಯಿ ಬಿಡದವಳು ಈಗೇಕೆ ಹೇಳುತ್ತಿದ್ದೇನೆ? ಒಳ್ಳೆಯವಳಾದೆ ಎಂದಲ್ಲ. ನಿನ್ನೆ, ಎರಡನೆಯ ಬಸುರಿನ ತುಂಬಿದ ಹೊಟ್ಟೆ ಹೊತ್ತುಕೊಂಡು ನೀನು ಜಗಲಿಯಲ್ಲಿ ಕುಳಿತು ಆ ಒಳಲೆಗೆ ವಿಭೂತಿ ಹಚ್ಚಿ ಉಜ್ಜುತ್ತಿದ್ದೆ. ಬೆಳ್ಳಿ ಬೆಳಗಿದ ಮೇಲೆ ಎರಡು ಕೈಯಲ್ಲಿ ಹಿಡಿದು ನನ್ನ ಮಡಿಲಿಗಿಟ್ಟೆ.

"ಈ ಮಗೂಗೆ ಮೊದಲಿಂದ್ಲೂ ನೀವೇ ತಿನ್ಸಿ ಅತ್ತಮ್ಮ. ನನ್ ಕೈಗುಣ ಸರಿಯಿಲ್ಲ."

ನೀನು ಎದ್ದು ಹೋಗಿ ಲಿಖಿತಳ ಅನ್ನ ಅರೆಯಲು ಮಿಕ್ಸಿ ಹಾಕಿದೆ.

ಇವತ್ತು ಸಂಜೆ ಮಂಜು ಬಸ್ಸಿಳಿದು ಬಂದ ಮೇಲೆ, ಅವನನ್ನೂ ಕೂರಿಸಿಕೊಂಡು, ಇದಿಷ್ಟನ್ನೂ ನಿನಗೆ ಹೇಳುತ್ತೇನೆ. ಇಂಗ್ಲಿಷಿನಲ್ಲಲ್ಲ. ಒಂದು ಪದವೂ ನಿನಗೆ ಅರ್ಥವಾಗದೆ ಉಳಿಯಬಾರದು. ಒಳಲೆ ನನ್ನ ಮುಂದೆ ಇರುತ್ತದೆ. ಅದನ್ನು ಕರಗಿಸುತ್ತೀಯೋ, ಎಸೆಯುತ್ತೀಯೋ, ನನ್ನನ್ನು ಮನೆಯಿಂದ ಕಳಿಸುತ್ತೀಯೋ—ನಾನು ಮಧ್ಯೆ ಬಾಯಿ ಹಾಕುವುದಿಲ್ಲ.

ಹೇಳಿ ಸುಮ್ಮನೆ ಕಾಯುತ್ತೇನೆ. ನೀನು ಬೈಯಲು ಶುರುಮಾಡಿದರೆ ತೆಲುಗಿನಲ್ಲೇ ಬೈ, ಭಾರತಿ. ಆ ಭಾಷೆ ನನಗೆ ಮೊದಲಿನಿಂದಲೂ ಅರ್ಥವಾಗುತ್ತದೆ.