ಓದಿ ಹೇಳದ ಎತ್ತರ

ನಾನು ಹೊಸಪೇಟೆಯವನು. ಬೆಂಗಳೂರಿನಿಂದ ನಮ್ಮ ಸೀಮೆಗೆ ಬರುವ ಸಣ್ಣ ವಿಮಾನದ ಕ್ಯಾಪ್ಟನ್. ನಮ್ಮ ಕಡೆಯವನೊಬ್ಬ ವಿಮಾನ ಹಾರಿಸುತ್ತಾನೆಂಬ ಹೆಮ್ಮೆ ಊರಿಗಿಂತ ನನಗೇ ಜಾಸ್ತಿ. ಆ ಬೆಳಿಗ್ಗೆ ಕಂಪ್ಲಿಯ ನನ್ನ ಚಿಕ್ಕಪ್ಪ ಹಿಂದೆ ನಾಲ್ಕನೇ ಸಾಲಿನಲ್ಲಿ ಕೂತಿದ್ದರು. ಅಕ್ಕಿ ಗಿರಣಿ ನಡೆಸುವ ಅವರಿಗೆ ಅದು ಮೊದಲ ವಿಮಾನ ಪ್ರಯಾಣ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಆಟೋಪೈಲಟ್ ಹಾರಿಸುತ್ತಿರುವಾಗ, ಎಷ್ಟು ಎತ್ತರಕ್ಕೆ ಇಳಿಯಬೇಕೆಂದು ಗುಂಡಿ ತಿರುಗಿಸಿ ಕೊಟ್ಟವನು ಪರದೆಯ ಮೇಲೆ ಮೂಡಿದ ಅಂಕಿಯನ್ನು ಗಟ್ಟಿಯಾಗಿ ಓದಬೇಕು. ಪಕ್ಕದವರು ತಾವೂ ನೋಡಿ ಹೌದೆನ್ನಬೇಕು. ನಮ್ಮ ಮನಸ್ಸಿನಲ್ಲೇನಿತ್ತೋ ಯಂತ್ರಕ್ಕೆ ಗೊತ್ತಾಗುವುದಿಲ್ಲ, ಕೊಟ್ಟದ್ದನ್ನು ಮಾಡುತ್ತದೆ. ಹತ್ತು ಸಾವಿರ ಅಡಿಗಿಂತ ಕೆಳಗೆ ಬೇರೆ ಮಾತೂ ಕೂಡದು. ಹೊಸಬರು ಇದನ್ನು ಮರೆತರೆ ಮುಖ ಕೆಂಪಗೆ ಮಾಡಿಕೊಂಡು ಬೈಯುತ್ತಿದ್ದವನು ನಾನೇ.

ಸಂಡೂರಿನ ಗುಡ್ಡಗಳು ಹತ್ತಿರವಾದಾಗ ನಿಲ್ದಾಣದ ಕಂಟ್ರೋಲಿನವರು ರೇಡಿಯೋದಲ್ಲಿ ಐದು ಸಾವಿರ ಅಡಿಗೆ ಇಳಿಯಲು ಹೇಳಿದರು. ಗುಂಡಿ ತಿರುಗಿಸಿದೆ, ಪರದೆ ನೋಡದೆ ಮೈಕ್ ಕೈಗೆತ್ತಿಕೊಂಡೆ. ದೂರದಲ್ಲಿ ಡ್ಯಾಮಿನ ನೀರು, ಅದರಾಚೆ ಹಂಪಿಯ ಬಂಡೆಗಳು. ಚಿಕ್ಕಪ್ಪನಿಗೆ ಕೇಳಲೆಂದೇ ಪ್ರಯಾಣಿಕರಿಗೆ ಹಂಪಿಯ ವರ್ಣನೆಯನ್ನು ಕನ್ನಡದಲ್ಲಿ ಶುರುಮಾಡಿದೆ.

"ಸರ್, ಎತ್ತರ ಓದಿಲ್ಲ," ಎಂದಳು ಪಕ್ಕದಲ್ಲಿದ್ದ ಸಹ ಪೈಲಟ್. ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಹುಡುಗಿ. ನಾನು ತಿರುಗಿಯೂ ನೋಡದೆ, ನೊಣ ಓಡಿಸುವಂತೆ ಕೈ ಆಡಿಸಿದೆ.

ಹಂಪಿಯ ವೈಭವ ಅರ್ಧ ಮುಗಿದಿರಬೇಕು. "ಐದು ಸಾವಿರ ದಾಟಿ ಇಳೀತಿದ್ದೀವಿ ಸರ್!" ಎಂದು ಕೂಗಿದಳು. ಪರದೆಯಲ್ಲಿ ನಾನೇ ಕೊಟ್ಟ ಅಂಕಿ ಇತ್ತು: ನಾಲ್ಕು ಸಾವಿರ. ಆಟೋಪೈಲಟ್ ಬಿಡಿಸಿ ವಿಮಾನದ ಮೂತಿ ಮೇಲೆತ್ತಿದೆ. ಗುಡ್ಡದ ಕೆಂಪು ಮಣ್ಣು ನೋಡಬಾರದಷ್ಟು ಸ್ಪಷ್ಟವಾಗಿ ಕಂಡಿತು.

ಮಧ್ಯಾಹ್ನ ಕಂಪ್ಲಿಯಲ್ಲಿ ಊಟ. ಗಿರಣಿಯಲ್ಲಿ ಕಪ್ಪಾದ ಕಾಳುಗಳನ್ನು ಆರಿಸಿ ತೆಗೆಯುವ ಹೊಸ ಯಂತ್ರ ಓಡುತ್ತಿತ್ತು. ಆದರೂ ಚಿಕ್ಕಪ್ಪ ಚೀಲಕ್ಕೊಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ ನೋಡುತ್ತಲೇ ಕೇಳಿದರು.

"ಅಲ್ಲಲೇ, ಇಳೀತಿದ್ದದ್ದು ಒಮ್ಮಿಗ್ಲೇ ಮ್ಯಾಲಕ್ಕ ಯಾಕ ಹೋತು?"

ಸುತ್ತ ಜನ ನಿಂತಿದ್ದರು. "ಮಷಿನ್ ಕೈ ಕೊಡ್ತು ಚಿಕ್ಕಪ್ಪ. ನಾ ಹಿಡಕೊಂಡೆ," ಎಂದುಬಿಟ್ಟೆ.

"ನಮ್ಮ ಹುಡುಗ ನೋಡ್ರಿ! ಭಾಳ ಗಟ್ಟಿ ಅದಾನ," ಎಂದು ಅವರು ನನ್ನ ಬೆನ್ನು ತಟ್ಟಿದರು. ಬೆನ್ನ ಮೇಲೆ ಅಂಟಿದ ತೌಡನ್ನು ನಾನು ಒರೆಸಿಕೊಳ್ಳಲೂ ಇಲ್ಲ. ಅಂಥ ಜಂಬ.

ಆಫೀಸಿಗೆ ಕೊಡುವ ವರದಿಯಲ್ಲೂ ಅದನ್ನೇ ಬರೆದಿಟ್ಟೆ. ಮರುದಿನ ಸಹ ಪೈಲಟ್ ತನ್ನ ವರದಿಯನ್ನು ಮೊದಲು ನನಗೆ ಕಳಿಸಿದಳು, ಏನಾದರೂ ಬಿಟ್ಟಿದ್ದರೆ ಹೇಳಿ ಎಂದು. ನಾನು ಕೈ ಆಡಿಸಿದ್ದು ಅದರಲ್ಲಿ ಇರಲಿಲ್ಲ. ಕೊನೆಗೆ ಹೀಗಿತ್ತು: "ಎತ್ತರವನ್ನು ಓದದಿದ್ದಾಗ ಇನ್ನೊಮ್ಮೆ ಕೇಳಬೇಕಿತ್ತು. ಕೇಳಲು ಹೆದರಿದೆ. ಇದು ನನ್ನ ತಪ್ಪು."

ನಾಚಿಕೆಯಾಯಿತು. ಅವಳ ಜಾಗದಲ್ಲಿ ನಾನಾಗಿದ್ದರೆ ಕ್ಯಾಪ್ಟನ್ನನ ಮಾನ ಹರಾಜು ಹಾಕುತ್ತಿದ್ದೆ. ನನ್ನ ವರದಿ ಹರಿದು ಹೊಸದಾಗಿ ಬರೆದೆ: ಮೈಕ್, ಓದದ ಅಂಕಿ, ಆಡಿಸಿದ ಕೈ, ಎಲ್ಲವನ್ನೂ. ಅದನ್ನು ಕಳಿಸುವುದು ಅಷ್ಟು ಕಷ್ಟವಾಗಲಿಲ್ಲ. ಕಂಪ್ಲಿಗೆ ಫೋನ್ ಮಾಡಲು ಮಾತ್ರ ನಾಲ್ಕು ದಿನ ಹಿಡಿಯಿತು.

ನಡೆದದ್ದನ್ನೆಲ್ಲ ಹೇಳಿ ಮುಗಿಸಿದೆ. ಫೋನಿನಲ್ಲಿ ಹಿಂದೆ ಗಿರಣಿಯ ಸದ್ದು ಕೇಳಿಸುತ್ತಿತ್ತು.

"ನಾ ಊರೆಲ್ಲಾ ಹೇಳೀನಲ್ಲೋ," ಎಂದರು ಚಿಕ್ಕಪ್ಪ. "ಹೋಗ್ಲಿ ಬಿಡು. ಆ ಹುಡುಗಿ ಹೆಸರೇನು ಹೇಳು. ಎಲ್ಲಾರ್ಗೂ ತಿರುಗಿ ಹೇಳ್ಬೇಕಲ್ಲ."

ಹೇಳಿದೆ. ಗಿರಣಿಯಲ್ಲಿ ಅಷ್ಟು ಜನರ ಮುಂದೆ ನಾನು ಹೇಳಿದ ಕತೆಯಲ್ಲಿ ಅವಳು ಇರಲೇ ಇಲ್ಲ.