ಹೆಣ್ಣು ನೋಡಲು ಹೋಗಿ ಹವಳ ಹೇಳಿದ್ದು

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ತಾಳಿಯ ದಾರ ಬದಲಿಸಲು ಕೂತಿದ್ದಳು. ಕರಿಮಣಿಗಳ ನಡುವಿನ ಹವಳವೊಂದು ಉರುಳಿ ನನ್ನ ಕುರ್ಚಿಯ ಕೆಳಗೆ ಬಂತು. ಎತ್ತಿಕೊಟ್ಟು ಸುಮ್ಮನಿರಬೇಕಿತ್ತು. ಆದರೆ ಮೂಡಲಗಿಯಲ್ಲಿ ಪ್ರಾಣಿಶಾಸ್ತ್ರ ಕಲಿಸುವವನ ಕೈಗೆ ಹವಳ ಸಿಕ್ಕರೆ ಅವನು ಸುಮ್ಮನಿರುವುದುಂಟೇ? ನೀವೇ ಹೇಳಿ.

ಈ ಚಾಳಿಯಿಂದ ನನ್ನ ಮದುವೆಯೇ ತಪ್ಪುವುದರಲ್ಲಿತ್ತು. ಬೆಲ್ಲದ ಬಾಗೇವಾಡಿಗೆ ಇವಳನ್ನು ನೋಡಲು ಹೋಗಿದ್ದೆ. ಕಂಡ ಕೂಡಲೇ ಮನಸ್ಸು ಬಂದಿತ್ತು. ಬಾಯಿಯೊಂದು ನೆಟ್ಟಗಿದ್ದರೆ ಸಾಕಿತ್ತು. ಇವಳ ಅಜ್ಜಿ ಅವಲಕ್ಕಿ ಕೊಡುತ್ತ, ಕೊರಳ ಸರ ಮುಟ್ಟಿಕೊಂಡು, "ಹವಳ ಸಮುದ್ರದಾಗಿನ ಕಲ್ಲಂತ, ಖರೆ ಏನ್ರಿ?" ಎಂದರು.

"ಕಲ್ಲಲ್ರಿ ಆಯಿ, ಅದು ಜೀವದ ಎಲುಬು," ಎಂದೆ.

ಮಾಂಸದ ಹೆಸರೂ ಎತ್ತದ ಮನೆ ಅದು. "ಹಂಗಂದ್ರ ಲಿಂಗದ ಬಾಜೂಕ ಎಲುಬು ಕಟಗೊಂಡೇನಿ ಅಂದಂಗಾತು," ಎಂದು ಆಯಿ ಸರ ಬಿಚ್ಚಲು ಕೈಹಾಕಿದರು. ಜೊತೆಗೆ ಬಂದಿದ್ದ ನಮ್ಮ ಕಾಕಾ ನನ್ನ ತೊಡೆ ಚಿವುಟಿದರು.

ನಾನು ಬಿಟ್ಟೆನೇ? ತೇಪೆ ಹಚ್ಚಲು, ಮೈಯ ಹೊರಗೆ ಕಲ್ಲು ಕಟ್ಟಿಕೊಳ್ಳುವ ಕಲ್ಲುಹವಳಗಳ ವಂಶಾವಳಿಯನ್ನೇ ಬಿಚ್ಚಿದೆ. ಪುರಾತನ ಹವಳಗಳೆಲ್ಲ ಒಂದು ಮಹಾನಾಶದಲ್ಲಿ ಅಳಿದವು. ಆಮೇಲೆ ಬಹುಕಾಲದ ಬಂಡೆಗಳಲ್ಲಿ ಹವಳದ ಸುಳಿವೇ ಇಲ್ಲ. ನಂತರ ಇಂದಿನ ಕಲ್ಲುಹವಳಗಳು, ಅದೂ ಹಲವು ಬಗೆಯವು, ಒಮ್ಮೆಲೇ ಕಾಣಿಸುತ್ತವೆ. ಇವುಗಳ ಹಿರಿಯರು ಅಲ್ಲಿಯವರೆಗೆ ಎಲ್ಲಿದ್ದರು? ಕಲ್ಲು ಕಟ್ಟದೆ, ಮೆತ್ತನೆಯ ಬರಿಮೈಯಲ್ಲಿ ಕಡಲಲ್ಲೇ ಬದುಕಿದ್ದರು, ಅದಕ್ಕೇ ಕುರುಹು ಉಳಿಯಲಿಲ್ಲ ಎಂದು ಕೆಲವು ಪಂಡಿತರ ಊಹೆ. ಕಾಕಾ ಚಪ್ಪಲಿ ಹುಡುಕತೊಡಗಿದರು.

ಆಗ ತಲೆ ತಗ್ಗಿಸಿ ಕೂತಿದ್ದ ಇವಳು ಕೇಳಿದಳು: "ಕಲ್ಲು ಇಲ್ಲದಾಗೂ ಜೀವ ಇತ್ತಂದ್ರ, ಕಲ್ಲು ಅದರ ಮನಿ ಇದ್ದಂಗ, ಹೌದಲ್ರಿ?"

"ಹೌದ್ರಿ."

"ಕೇಳಿದಿ ಏನ್ ಆಯಿ? ನಿನ್ನ ಕೊರಳಾಗ ಇರೂದು ಎಲುಬಲ್ಲ, ಬಿಟ್ಟು ಹೋದ ಮನಿ. ಖಾಲಿ ಮನಿಗೆ ಎಂಥಾ ಮೈಲಿಗಿ?"

ಆಯಿ ಸರ ಬಿಟ್ಟು ನನ್ನ ತಟ್ಟೆಗೆ ಇನ್ನಷ್ಟು ಅವಲಕ್ಕಿ ಹಾಕಿದರು.

ಇವಳ ಮಾತು ಕಲ್ಲುಹವಳಕ್ಕೆ ಸರಿ. ಒಡವೆಯ ಕೆಂಪು ಹವಳ ಅದರ ದೂರದ ನೆಂಟ. ಅದರ ಗಟ್ಟಿ ಕಡ್ಡಿ ಮೈಯೊಳಗೇ ಇರುತ್ತದೆ. ಎಲುಬೆನ್ನದೆ ವಿಧಿಯಿಲ್ಲ. ಹೇಳಲು ನಾಲಿಗೆ ತುರಿಸಿತು. ಜನ್ಮದಲ್ಲಿ ಮೊದಲ ಸಲ ನುಂಗಿಕೊಂಡೆ. ಆ ತ್ಯಾಗಕ್ಕಾಗಿ ಇಷ್ಟು ವರ್ಷ ಒಳಗೊಳಗೇ ಬೀಗಿದ್ದೇನೆ.

ಇವತ್ತು ತಡೆಯಲಾಗಲಿಲ್ಲ. "ಅವತ್ತ ನೀ ಹೇಳಿದ್ದು ತಪ್ಪಿತ್ತು. ನಿನ್ನ ಸಲುವಾಗಿ ಸುಮ್ಮನ ಕುಂತೆ," ಎಂದೆ.

ಅವಳು ದಾರದಿಂದ ಕಣ್ಣೆತ್ತಲಿಲ್ಲ. "ನನಗ ಗೊತ್ತಿತ್ರಿ. ನೋಡಾಕ ಬರೋ ಮಾಸ್ತರಗ ಹವಳದ ಹುಚ್ಚು ಐತಿ ಅಂತ ಕೇಳಿ, ಮುಂಚೇನ ಪುಸ್ತಕ ತಂದು ಓದಿದ್ದೆ."

"ಮತ್ತ ತಪ್ಪು ಯಾಕ ಹೇಳಿದಿ?"

"ಖರೆ ಹೇಳಿದ್ರ ಆಯಿ ನಿಮ್ಮನ್ನ ಎಬ್ಬಿಸಿ ಕಳಸತಿದ್ಲು. ನನಗ ನೀವ ಬೇಕಾಗಿದ್ರಿ."

ನಾನು ಕುರ್ಚಿ ಬಿಟ್ಟು, ಅವಳ ಪಕ್ಕದಲ್ಲಿ ನೆಲಕ್ಕೆ ಕೂತು, ದಾರದ ಇನ್ನೊಂದು ತುದಿ ಹಿಡಿದುಕೊಂಡೆ.