ಫ್ರೀಜರ್ ಸೇರಿದ ಗದ್ದಿಗೆ ಕಂಬಳಿ

ಮ್ಯೂಸಿಯಂ ಸಿಬ್ಬಂದಿಗೆಂದು ಏರ್ಪಡಿಸಿದ್ದ ಎರಡು ದಿನದ ತರಬೇತಿ ಮುಗಿಸಿಕೊಂಡು ಯಲಹಂಕಕ್ಕೆ ಹಿಂತಿರುಗಿದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಇಪ್ಪತ್ತೈದು ವರ್ಷ ನಮ್ಮ ಪುಟ್ಟ ಮ್ಯೂಸಿಯಂನಲ್ಲಿ ನೇಗಿಲು, ಕೊಳಗ, ಒನಕೆಗಳ ಧೂಳು ಒರೆಸಿಕೊಂಡಿದ್ದವನು ಈಗ ಪ್ರಮಾಣಪತ್ರ ಪಡೆದ ಸಂರಕ್ಷಕ! ಹೆಂಡತಿ ಸೊಪ್ಪು ಬಿಡಿಸುವಾಗಲೂ ಕೈಗವಸು ಹಾಕಿಕೊಳ್ಳಲು ಹೇಳಿ ಬೈಸಿಕೊಂಡೆ.

ತರಬೇತಿಯಲ್ಲಿ ತಲೆಗೆ ಹತ್ತಿದ್ದು ಒಂದೇ ಪಾಠ. ಉಣ್ಣೆಗೆ ಹುಳು ಹಿಡಿದರೆ ಔಷಧಿ ಹೊಡೆಯಬಾರದು. ಪ್ಲಾಸ್ಟಿಕ್‌ನಲ್ಲಿ ಸುತ್ತಿ ಎರಡು ವಾರ ಫ್ರೀಜರ್‌ನಲ್ಲಿಡಬೇಕು. ನಮ್ಮಲ್ಲಿ ಉಣ್ಣೆಯೆಂದರೆ ಪಕ್ಕದ ಸಿಂಗಾಪುರವೆಂಬ ಹಳ್ಳಿಯ ಅಜ್ಜಿಯೊಬ್ಬರು ಕೊಟ್ಟಿದ್ದ ಕರಿಕಂಬಳಿ. ಹೊಲವೆಲ್ಲ ಲೇಔಟ್ ಆಗಿ ಹೊಸ ಮನೆ ಕಟ್ಟಿದಾಗ, ಬೀರುವೆಲ್ಲ ವಾಸನೆ ಎಂದು ಸೊಸೆ ಗೊಣಗಿದ್ದಕ್ಕೆ ಅದನ್ನು ನಮ್ಮ ಸುಪರ್ದಿಗೆ ತಂದಿದ್ದರು. ಅದರಲ್ಲಿ ನನಗೆ ಕಂಡದ್ದು ಒಂದೇ ಹುಳು, ಅದೂ ಸತ್ತಿತ್ತು. ಆದರೂ ಕಂಬಳಿಯನ್ನು ಸುತ್ತಿ ನಮ್ಮ ಕ್ಯಾಂಟೀನಿನ ಐಸ್‌ಕ್ರೀಮ್ ಫ್ರೀಜರ್‌ಗೆ ತುರುಕಿದೆ.

"ಏನ್ ಸಾರ್ ಇದು, ಕುಲ್ಫಿ ಕುರಿ ವಾಸ್ನೆ ಹೊಡೀತೈತೆ ಅಂತ ಜನ ಬೈತಾವ್ರೆ," ಎಂದ ಕ್ಯಾಂಟೀನಿನವನು. ಇವನಿಗೇನು ಗೊತ್ತು ವಿಜ್ಞಾನ ಎಂದುಕೊಂಡೆ.

ಐದನೆಯ ದಿನ ಅಜ್ಜಿಯೇ ಬಂದರು, ಕೈಯಲ್ಲಿ ಮೊಮ್ಮಗನ ಲಗ್ನಪತ್ರಿಕೆ.

"ನಾಡಿದ್ದು ಮದ್ವೆ ಕಣಪ್ಪ. ಗದ್ದಿಗೆ ಆಕಕ್ಕೆ ಕಂಬ್ಳಿ ಬೇಕು. ನಮ್ಮತ್ತೆ, ನಾನು, ನನ್ ಸೊಸೆ, ಎಲ್ರೂ ಅದ್ರ ಮೇಲೇ ಕೂತು ತಾಳಿ ಕಟ್ಟಿಸ್ಕೊಂಡಿದ್ದು. ಮುಗುದ್ ಮೇಲೆ ತಂದ್ಕೊಡ್ತೀನಿ."

ಕಂಬಳಿಯ ವಿವರದ ಹಾಳೆಯಲ್ಲಿ 'ಉಪಯೋಗ' ಎಂಬಲ್ಲಿ ನಾನು ಬರೆದಿದ್ದದ್ದು 'ಚಳಿಗೆ ಹೊದೆಯಲು' ಎಂದು. ಅಜ್ಜಿಯನ್ನು ಒಂದು ಮಾತೂ ಕೇಳಿರಲಿಲ್ಲ. ಅದೇ ಹಾಳೆಯನ್ನು ತರಬೇತಿಯಲ್ಲಿ ತೋರಿಸಿ ಚಪ್ಪಾಳೆ ಬೇರೆ ಗಿಟ್ಟಿಸಿದ್ದೆ.

"ಅಜ್ಜಿ, ಅದು ಟ್ರೀಟ್‌ಮೆಂಟ್‌ನಲ್ಲಿದೆ," ಎಂದೆ.

"ಯಾಕೆ, ಉಸಾರಿಲ್ವಾ ಅದಕ್ಕೆ?"

ವಿಧಿಯಿಲ್ಲದೆ ಕ್ಯಾಂಟೀನಿಗೆ ಕರೆದೊಯ್ದೆ. ಆರೆಂಜ್ ಕ್ಯಾಂಡಿಗಳ ಅಡಿಯಿಂದ ಪೊಟ್ಟಣ ಎಳೆದು ತೆಗೆದಾಗ ಅಜ್ಜಿ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಕೂಸನ್ನು ಇಸಿದುಕೊಳ್ಳುವಂತೆ ಎರಡೂ ಕೈಯಲ್ಲಿ ಇಸಿದುಕೊಂಡು, "ಎಷ್ಟ್ ತಣ್ಗಾಗೋಗೈತೆ," ಎಂದರು. ನಾಚಿಕೆಯಿಂದ ನೆಲ ನೋಡಿದೆ. ವಸ್ತು ಹೊರಹೋಗಲು ಮೇಲಿನವರ ಅನುಮತಿ ಬೇಕು. ಅದು ಬರುವಷ್ಟರಲ್ಲಿ ಮದುಮಗಳಿಗೆ ಸೀಮಂತ ಆಗಿರುತ್ತದೆ. ನಾನೇ ಕೊಟ್ಟು ಕಳಿಸಿದೆ.

ಮದುವೆಗೆ ಹೋದದ್ದು ಹಾರೈಸುವುದಕ್ಕಲ್ಲ, ಕಂಬಳಿ ಕಾಯುವುದಕ್ಕೆ. ಅದರ ಮೇಲೆ ಅಕ್ಕಿಯಲ್ಲಿ ಗೆರೆ ಎಳೆದು ಹೆಣ್ಣುಗಂಡನ್ನು ಕೂರಿಸಿದರು. ಅರಿಶಿನ ಚೆಲ್ಲಿತು, ಅಕ್ಷತೆ ಬಿತ್ತು, ಮಗುವೊಂದು ಅದರ ಮೇಲೆ ಲಾಡು ತಿಂದಿತು. ತರಬೇತಿ ಕೊಟ್ಟವರು ನೋಡಿದ್ದರೆ ಮೂರ್ಛೆ ಹೋಗುತ್ತಿದ್ದರು. ನನಗೆ ಮಾತ್ರ ಕಣ್ಣು ತುಂಬಿ ಬಂತು.

ಹೇಳಿದ ಹಾಗೆ ಅಜ್ಜಿ ಕಂಬಳಿ ತಂದೊಪ್ಪಿಸಿದರು. ಕೊಡವಿ, ಬಿಸಿಲಿಗೆ ಹಾಕಿ, ಮಡಿಕೆಗಳಲ್ಲಿ ಬೇವಿನ ಸೊಪ್ಪು ಇಟ್ಟಿದ್ದರು. ನಾನು ರಿಜಿಸ್ಟರ್ ತೆಗೆಯುವಷ್ಟರಲ್ಲಿ ಕೇಳಿದರು:

"ಕಿರೇ ಮೊಮ್ಮಗ್ಳಿಗೆ ಈಗ ಆರು ವರ್ಸ. ಅವಳ್ ಮದ್ವೆಗೆ ನಾನಿರಲ್ಲ. ಆಗ್ಲೂ ಕೊಡ್ತೀಯೇನಪ್ಪ?"

"ಕೊಡ್ತೀನಿ ಅಜ್ಜಿ."

"ಬಾಯ್ಮಾತ್ ಬ್ಯಾಡ. ಬರ್ಕೊಡು."

ಬರೆದುಕೊಟ್ಟೆ. ಅಜ್ಜಿ ಕಾಗದವನ್ನು ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ನನ್ನ ನಿವೃತ್ತಿಗೆ ಉಳಿದಿರುವುದು ನಾಲ್ಕೇ ವರ್ಷ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.